ಒಡ್ಡಿನ ಮೇಲಿನ ಬಳ್ಳಿ ಹೊಸದೋ, ತೊಗರಿಯ ದಾಯಾದಿಯೋ?

ಎರಡು ವರ್ಷದ ಹಿಂದಿನ ಮಾತು. ನಮ್ಮದು ನಾಲ್ಕು ಎಕರೆ ಎರಿ ಹೊಲ, ಮಳೆ ನಂಬಿದ ಬೇಸಾಯ. ಆ ಸಲ ತೊಗರಿ ಎದೆಮಟ್ಟ ಬಂದಿತ್ತು. ಹೂವೂ ತುಂಬ ಕಟ್ಟಿತ್ತು. ಅಷ್ಟರಲ್ಲಿ ಮೋಡ ಕವಿದು ನಾಲ್ಕು ದಿನ ಬಿಸಿಲೇ ಬೀಳಲಿಲ್ಲ. ಕಾಯಿಕೊರಕ ಹುಳ ಬಿತ್ತು. ಮೂರು ಸಲ ಎಣ್ಣೆ ಹೊಡೆದೆ. ಗಿಡ ಬಗ್ಗಿಸಿ ಅಲ್ಲಾಡಿಸಿ ಹುಳ ಉದುರಿಸಿದೆವು. ಆದರೂ ಕಾಯಿಗೊಂದು ತೂತು.

ಹುಳ ಆರಿಸುತ್ತ ಒಡ್ಡಿನ ತನಕ ಹೋದವನು ಅಲ್ಲೇ ಕೂತೆ. ಒಡ್ಡಿನ ಹುಲ್ಲಿನ ಮೇಲೆ ಒಂದು ಬಳ್ಳಿ ಹಬ್ಬಿತ್ತು. ತೊಗರಿಯ ಹಾಗೇ ಮೂರೆಲೆ, ಹಳದಿ ಹೂವು. ಎಲೆ ಮಾತ್ರ ಸಣ್ಣದು, ಕೆಳಗಡೆ ಬೂದು ಬಣ್ಣ, ಮುಟ್ಟಿದರೆ ಮಖಮಲ್ಲಿನ ಹಂಗೆ ಮೆತ್ತಗೆ. ಒಂದು ಅಂಗುಲದಷ್ಟೂ ಇಲ್ಲದ ಕಾಯಿ, ಮೈತುಂಬ ಕೂದಲು. ಇಪ್ಪತ್ತು ಕಾಯಿ ಕಿತ್ತು ನೋಡಿದೆ. ಒಂದರಲ್ಲೂ ತೂತಿಲ್ಲ. ಹತ್ತು ಹೆಜ್ಜೆ ಆಚೆ ನನ್ನ ತೊಗರಿ ಜರಡಿಯಾಗಿದೆ, ಇದು ಆರಾಮಾಗಿದೆ!

ಈ ಬಳ್ಳಿ ಸಣ್ಣವನಿದ್ದಾಗಿನಿಂದ ನೋಡಿದ್ದೇ. ದನ ಕಾಯುವಾಗ ಕಾಡತೊಗರಿ ಅನ್ನುತ್ತಿದ್ದೆವು. ಅದರಾಚೆ ಏನೂ ಗೊತ್ತಿರಲಿಲ್ಲ. ಊರಲ್ಲಿ ಕೇಳಿದರೆ ಕಸ ಅಂದರು. ಮಗ ಮೊಬೈಲಿನಲ್ಲಿ ಫೋಟೋ ಹೊಡೆದ. ಅದು ಮೂರು ಸಲಕ್ಕೆ ಮೂರು ಹೆಸರು ಹೇಳಿತು. ಪಶ್ಚಿಮಘಟ್ಟದಲ್ಲಿ ಹೊಸ ಸಸ್ಯ ಪತ್ತೆ ಅಂತ ಪೇಪರಿನಲ್ಲಿ ಆಗಾಗ ಬರುತ್ತದಲ್ಲ, ನಮ್ಮದೂ ಹಂಗೇ ಯಾಕಿರಬಾರದು ಅನ್ನಿಸಿತು. ಆಸೆ ಅಂದರೆ ಹಾಗೇ. ಒಂದು ಟೊಂಗೆ ಮುರಿದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ತಾಲೂಕಿನ ಊರಿಗೆ ಹೋದೆ. ಅಲ್ಲಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮಾಸ್ತರೊಬ್ಬರು ಇದ್ದಾರೆ.

ಅವರು ಚೀಲ ಬಿಚ್ಚಿದರು. ಬಸ್ಸಿನ ಸೆಕೆಗೆ ಬಳ್ಳಿ ಬೆಂದು ಮುದ್ದೆಯಾಗಿತ್ತು.

"ಯಜಮಾನ್ರ, ಇದು ಪಲ್ಯ ಆಗೇದ. ಹೂವಿಲ್ಲ, ಕಾಯಿ ಇಲ್ಲ. ಬರೇ ಎಲಿ ನೋಡಿ ಹೆಸರು ಹೇಳೂದು ಅಂದ್ರ ಬೆನ್ನು ನೋಡಿ ಮನುಷ್ಯಾನ ಗುರುತು ಹಿಡಿದಂಗ" ಅಂದರು.

ಬೇರೆಯವರಾಗಿದ್ದರೆ ಅಲ್ಲಿಗೇ ಕಳಿಸಿಬಿಡುತ್ತಿದ್ದರು. ಇವರು ಹೇಗೆ ತರಬೇಕು ಅಂತ ಹೇಳಿಕೊಟ್ಟರು. ಮುಂದಿನ ವಾರ ಹಾಗೇ ಮಾಡಿಕೊಂಡು ಹೋದೆ. ಆ ದಿನ ಮಧ್ಯಾಹ್ನದಿಂದ ದೀಪ ಹಚ್ಚುವ ತನಕ ಅವರ ಪಡಸಾಲೆಯಲ್ಲಿ ಕೂತು ಕೇಳಿದ್ದನ್ನು, ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತಿದ್ದೇನೆ. ನಾನು ಏಳನೇ ಇಯತ್ತೆ ಓದಿದವನು. ಲ್ಯಾಟಿನ್ ಹೆಸರುಗಳನ್ನು ಅವರ ಕೈಯಲ್ಲೇ ಬರೆಸಿಕೊಂಡಿದ್ದೇನೆ.

ಮೊದಲು ಬಳ್ಳಿಯ ವಿಷಯ ಮುಗಿಸಿಬಿಡುತ್ತೇನೆ. ಅದು ಹೊಸದಲ್ಲ. 1753ರಲ್ಲೇ ಅದಕ್ಕೆ ಹೆಸರು ಬಿದ್ದಿದೆ. ನನಗೆ ನಿರಾಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆಮೇಲೆ ಅವರು ಹೇಳಿದ ಕಥೆ ಹೊಸ ಗಿಡ ಸಿಕ್ಕಿದ್ದಕ್ಕಿಂತ ದೊಡ್ಡದು ಅನ್ನಿಸಿತು.

ಹೆಸರು, ಅಡ್ಡಹೆಸರು

ಗಿಡಕ್ಕೆ ಎರಡು ಪದದ ಹೆಸರು. ಮೊದಲನೆಯದು ಕುಲ, ಎರಡನೆಯದು ಪ್ರಭೇದ. ನಮ್ಮ ಕಡೆ ಅಡ್ಡಹೆಸರು ಮತ್ತು ಸ್ವಂತ ಹೆಸರು ಇದ್ದ ಹಾಗೆ ಅಂದುಕೊಳ್ಳಿ. ಅಡ್ಡಹೆಸರು ಮೊದಲು ಬರುತ್ತದೆ, ಅಷ್ಟೇ ವ್ಯತ್ಯಾಸ. ಈ ಪದ್ಧತಿಯನ್ನು ಗಿಡಗಳಿಗೆ ಗಟ್ಟಿ ಮಾಡಿದವನು ಸ್ವೀಡನ್ ದೇಶದ ಲಿನ್ನೇಯಸ್. 1753ರಲ್ಲಿ ಬಂದ ಅವನ ಪುಸ್ತಕವೇ ಇವತ್ತಿಗೂ ಮೊದಲ ಗೆರೆ. ಅದಕ್ಕಿಂತ ಹಿಂದಿನ ಹೆಸರು ಲೆಕ್ಕಕ್ಕಿಲ್ಲ.

ಹಾಗಂತ ಅವನೇ ಎಲ್ಲ ಕಂಡುಹಿಡಿದ ಅಂತ ಅಲ್ಲ. ಅವನಿಗಿಂತ ಮುಂಚೆ, 1678ರಿಂದ 1693ರ ನಡುವೆ, ಮಲಬಾರಿನ ಗಿಡಗಳ ಬಗ್ಗೆ ಹನ್ನೆರಡು ಸಂಪುಟದ ಪುಸ್ತಕ ಹಾಲೆಂಡಿನಲ್ಲಿ ಅಚ್ಚಾಗಿತ್ತು. ಹೆಸರು ಹೋರ್ಟಸ್ ಮಲಬಾರಿಕಸ್. ಮಾಡಿಸಿದವನು ಡಚ್ ಗವರ್ನರ್ ವಾನ್ ರೀಡ್. ಗಿಡ ತೋರಿಸಿ ಗುಣ ಹೇಳಿದವರು ಇಟ್ಟಿ ಅಚ್ಯುದನ್ ಎಂಬ ಮಲಯಾಳಿ ವೈದ್ಯರು ಮತ್ತು ಇನ್ನೂ ಕೆಲವರು. ತೊಗರಿಯ ಚಿತ್ರವೂ ಅದರಲ್ಲಿದೆ, ಮಲಯಾಳಂ ಹೆಸರಿನಲ್ಲೇ. ಲಿನ್ನೇಯಸ್ ಆ ಪುಸ್ತಕವನ್ನು ಬಳಸಿಕೊಂಡ. ಗಿಡ ಬಲ್ಲವರು ಒಬ್ಬರು, ಹೆಸರಿಟ್ಟವರು ಇನ್ನೊಬ್ಬರು. ಇದು ಮೊದಲಿಂದಲೂ ಹೀಗೇ ನಡೆದಿದೆ.

ಹಾಗಾದರೆ ಒಂದು ಗಿಡ ಹೊಸದು ಅಂತ ಯಾರು ತೀರ್ಮಾನ ಮಾಡುತ್ತಾರೆ? ನಾನು ತಿಳಿದದ್ದು, ಯಾವುದೋ ಕಚೇರಿಗೆ ಅರ್ಜಿ ಹಾಕಬೇಕು, ಅವರು ಸಿಕ್ಕೆ ಒತ್ತುತ್ತಾರೆ ಅಂತ. ಹಾಗಿಲ್ಲ. ಗಿಡವನ್ನು ಹೂ, ಕಾಯಿ ಸಮೇತ ಒಣಗಿಸಿ ದಪ್ಪ ಹಾಳೆಗೆ ಅಂಟಿಸಬೇಕು. ಆ ಕುಲದಲ್ಲಿ ಈಗಾಗಲೇ ಹೆಸರಿರುವ ಎಲ್ಲ ಗಿಡಗಳ ಜೊತೆ ಹೋಲಿಸಬೇಕು. ಪುಸ್ತಕದಲ್ಲಿ ಓದಿ ಹೋಲಿಸಿದರೆ ಸಾಲದು, ಹಳೇ ಒಣಗಿಡಗಳನ್ನೇ ನೋಡಬೇಕು. ಅವುಗಳ ಭಂಡಾರಕ್ಕೆ ಹರ್ಬೇರಿಯಂ ಅನ್ನುತ್ತಾರೆ. ಕೋಲ್ಕತ್ತದ ಹತ್ತಿರ ಹೌರಾದಲ್ಲಿ ನಮ್ಮ ದೇಶದ ದೊಡ್ಡ ಭಂಡಾರ ಇದೆ, ಸುಮಾರು 20 ಲಕ್ಷ ಹಾಳೆ. ಲಂಡನ್ನಿನ ಕ್ಯೂ ತೋಟದಲ್ಲಿ ಅದರ ಮೂರುಪಟ್ಟಿಗೂ ಹೆಚ್ಚು. ಯಾವುದಕ್ಕೂ ಹೊಂದಲಿಲ್ಲ ಅಂದರೆ, ಎಲ್ಲಿ ಹೇಗೆ ಬೇರೆ ಅನ್ನುವುದನ್ನು ಬರೆದು ಅಚ್ಚು ಹಾಕಿಸಬೇಕು. 1935ರಿಂದ 2011ರ ಕೊನೆಯ ತನಕ ಆ ವಿವರಣೆ ಲ್ಯಾಟಿನ್ ಭಾಷೆಯಲ್ಲೇ ಇರಬೇಕಿತ್ತು. 2012ರಿಂದ ಇಂಗ್ಲಿಷಿನಲ್ಲೂ ಬರೆಯಬಹುದು. ಒಂದು ಹಾಳೆಯನ್ನು ಮೂಲ ಮಾದರಿ ಅಂತ ಗೊತ್ತು ಮಾಡಿ ಭಂಡಾರದಲ್ಲಿ ಇಡಬೇಕು. ಮುಂದೆ ಯಾರಿಗೆ ಸಂಶಯ ಬಂದರೂ ಆ ಹಾಳೆಯೇ ಸಾಕ್ಷಿ. ಹೊಲಕ್ಕೆ ಗಡಿಕಲ್ಲು ಇದ್ದ ಹಾಗೆ.

ಹೆಸರಿಡುವವನು ತನ್ನ ಹೆಸರನ್ನೇ ಇಟ್ಟುಕೊಳ್ಳುವ ಪದ್ಧತಿ ಇಲ್ಲ. ಊರಿನದೋ, ಗುರುವಿನದೋ, ಗಿಡದ ಗುಣದ್ದೋ ಇಡುತ್ತಾರೆ. 2010ರ ನಂತರ ಕೇರಳದ ಕಡೆಯ ಘಟ್ಟದಲ್ಲಿ ಸಿಕ್ಕ ಒಂದು ಕಾಡುಬೆಂಡೆಗೆ ಎನ್‌ಬಿಪಿಜಿಆರ್ ಎಂಬ ಕೇಂದ್ರ ಸಂಸ್ಥೆಯ ಐದೂ ಅಕ್ಷರ ಕೂಡಿಸಿ ಹೆಸರು ಮಾಡಿದ್ದಾರೆ. ಮಾಸ್ತರು ಅದನ್ನು ಓದಿ ಹೇಳುವಾಗ ಅವರಿಗೇ ನಗು ಬಂತು.

ಇನ್ನೊಂದು ಮಾತು ಕೇಳಿ ನನಗೆ ಆಶ್ಚರ್ಯವಾಯಿತು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 2000 ಹೊಸ ಸಸ್ಯಗಳಿಗೆ ಹೆಸರು ಬೀಳುತ್ತದಂತೆ. ಅವೆಲ್ಲ ಆ ವರ್ಷವೇ ಕಾಡಿನಲ್ಲಿ ಸಿಕ್ಕವಲ್ಲ. 2010ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಕಿತ್ತು ತಂದ ಐದು ವರ್ಷದೊಳಗೆ ಹೆಸರು ಪಡೆದವು ನೂರಕ್ಕೆ ಹದಿನಾರು ಮಾತ್ರ. ಹೆಚ್ಚು ಕಡಿಮೆ ಕಾಲುಭಾಗ ಐವತ್ತು ವರ್ಷಕ್ಕೂ ಮೇಲೆ ಕಪಾಟಿನಲ್ಲೇ ಕಾಯ್ದಿದ್ದವು. ತಂದಿಟ್ಟವನು ಸತ್ತಿರುತ್ತಾನೆ. ಗಿಡ ಇದ್ದ ಗುಡ್ಡ ಗಣಿಗೆ ಹೋಗಿರುತ್ತದೆ. ಯಾರೋ ಹುಡುಗಿ ಓದಲು ಬಂದು ಹಾಳೆ ಬಿಚ್ಚಿ, ಇದು ಬೇರೆ ಅಂತಾಳೆ.

ಹೂವಿನ ಬಣ್ಣ ನೋಡಿ ಮೋಸಹೋದದ್ದು

ಬೇರೆ ಅನ್ನುವುದು ಎಷ್ಟು ಬೇರೆ ಇರಬೇಕು? ಇದೇ ಕಷ್ಟದ ಪ್ರಶ್ನೆ. ಇದರಲ್ಲಿ ದೊಡ್ಡವರೇ ಎಡವಿದ್ದಾರೆ, ಅದೂ ನಮ್ಮ ತೊಗರಿಯಲ್ಲೇ.

ಲಿನ್ನೇಯಸ್ ತೊಗರಿಯನ್ನು ಸಿಟಿಸಸ್ ಎಂಬ ಯುರೋಪಿನ ಪೊದೆಗಿಡದ ಮನೆತನಕ್ಕೆ ಸೇರಿಸಿಬಿಟ್ಟಿದ್ದ. ಆಮೇಲಿನವರು ಅದು ತಪ್ಪು ಅಂತ ಕಜಾನಸ್ ಎಂಬ ಬೇರೆ ಮನೆ ಮಾಡಿಕೊಟ್ಟರು. 1813ರಲ್ಲಿ ಡಿ ಕ್ಯಾಂಡೋಲ್ ಎಂಬ ದೊಡ್ಡ ಸಸ್ಯತಜ್ಞ ಆ ಮನೆಯಲ್ಲಿ ಎರಡು ತೊಗರಿ ಇವೆ ಅಂದ. ಪೂರ್ತಿ ಹಳದಿ ಹೂವಿನದು ಒಂದು ಪ್ರಭೇದ, ಹೂವಿನ ಹಿಂದೆ ಕೆಂಪು ಇರುವ ಎರಡು ಬಣ್ಣದ್ದು ಇನ್ನೊಂದು ಪ್ರಭೇದ. ಇದನ್ನು ಕೇಳಿ ನಾನು ನಕ್ಕುಬಿಟ್ಟೆ. ನಮ್ಮ ಹೊಲದಲ್ಲಿ ಒಂದೇ ಸಾಲಿನಲ್ಲಿ ಎರಡೂ ಇರುತ್ತವೆ. ತೊಗರಿ ಹೂವಿಗೆ ಜೇನು ಬರುತ್ತದೆ, ಪರಾಗ ಬೆರೆಯುತ್ತದೆ, ಹಳದಿ ಬಿತ್ತಿದಲ್ಲಿ ಕೆಂಪುಗೆರೆ ಬರುತ್ತದೆ. ಯಾವ ಮುದುಕಿಯನ್ನು ಕೇಳಿದ್ದರೂ ಹೇಳುತ್ತಿದ್ದಳು.

"ನಗಬ್ಯಾಡ್ರಿ. ನೀವೂ ಒಂದ ಬಳ್ಳಿ ನೋಡಿ ಹೊಸಾದು ಅಂದ್ರಲ್ಲ!" ಅಂದರು ಮಾಸ್ತರು. ಅದೂ ಖರೇ. ಮುಂದೆ ಬಂದವರು ಆ ಎರಡನ್ನೂ ಕೂಡಿಸಿ ಒಂದೇ ಮಾಡಿದರು.

ಎರಿ ಹೊಲದಲ್ಲಿ ಆಳೆತ್ತರ ಆಗುವ ತೊಗರಿ ಗರಸಿನಲ್ಲಿ ಮೊಣಕಾಲಿಗೆ ನಿಲ್ಲುತ್ತದೆ. ಅದು ಜಾಗದ ಗುಣ. ಹಾಗಾಗಿ ಒಂದೇ ಗಿಡ ನೋಡಿ ತೀರ್ಪು ಕೊಡಬಾರದು. ಹತ್ತಾರು ಕಡೆಯದು ನೋಡಬೇಕು. ಜಾಗ ಬದಲಾದರೂ ಬದಲಾಗದ ಗುರುತು ಯಾವುದು ಅಂತ ಹುಡುಕಬೇಕು. ಹೂವಿನ ಒಳಗಿನ ಭಾಗ, ಕಾಯಿ, ಬೀಜ ಇವು ಎಲೆಯಷ್ಟು ಬೇಗ ಬದಲಾಗುವುದಿಲ್ಲ. ಅದಕ್ಕೇ ಹೂ ಕಾಯಿ ಇಲ್ಲದೆ ಬರಬೇಡಿ ಅನ್ನುವುದು.

ನನ್ನ ಬಳ್ಳಿಯನ್ನೂ ಹಾಗೇ ನೋಡಿದರು. ಒಡ್ಡಿನ ಮೇಲೆ ಇದರಂಥದೇ ಇನ್ನೊಂದು ಬಳ್ಳಿ ಇರುತ್ತದೆ, ರಿಂಕೋಸಿಯಾ ಅಂತ. ಅದರದೂ ಮೂರೆಲೆ, ಹಳದಿ ಹೂವು. ಆದರೆ ಅದರ ಕಾಯಲ್ಲಿ ಒಂದೋ ಎರಡೋ ಬೀಜ. ನಾನು ತಂದದ್ದರಲ್ಲಿ ನಾಲ್ಕೈದು, ಬೀಜ ಬೀಜದ ನಡುವೆ ಕಾಯಿಯ ಮೇಲೆ ಅಡ್ಡ ತಗ್ಗು. ಬೀಜವನ್ನು ಭೂತಗನ್ನಡಿಯಲ್ಲಿ ತೋರಿಸಿದರು. ಕರೀ ಬೀಜದ ಕಣ್ಣಿನ ಹತ್ತಿರ ಬೆಳ್ಳಗೆ ದಪ್ಪ ತುಟಿಯಂಥದ್ದು. "ಈ ತುಟೀನೇ ನೂರೈವತ್ತು ವರ್ಷ ಎಲ್ಲರ ಹಾದಿ ತಪ್ಪಿಸಿದ್ದು" ಅಂದರು.

ಒಂದು ತುಟಿಯಿಂದ ಮನೆ ಒಡೆದದ್ದು

ಲಿನ್ನೇಯಸ್ ಈ ಬಳ್ಳಿಗೆ ಸ್ಕಾರಬಿಯಾಯ್ಡಿಸ್ ಅಂತ ಹೆಸರಿಟ್ಟ. ಜೀರುಂಡೆಯಂಥದ್ದು ಅಂತ ಅರ್ಥ. ಮನೆತನ ಮಾತ್ರ ಡಾಲಿಕಸ್. ಆಗ ಅವರೆ, ಹುರಳಿ ಎಲ್ಲ ಅದೇ ಮನೆಯಲ್ಲಿದ್ದವು. 1817ರಲ್ಲಿ ಒಬ್ಬ ಫ್ರೆಂಚ್ ಪಂಡಿತ ಅದನ್ನು ತೊಗರಿಯ ಮನೆಗೆ ತಂದ. ಆದರೆ ಅದು ಅಲ್ಲಿ ನಿಲ್ಲಲಿಲ್ಲ. 1834ರಲ್ಲಿ ಮದ್ರಾಸಿನ ವೈದ್ಯ ರಾಬರ್ಟ್ ವೈಟ್ ಮತ್ತು ಅರ್ನಾಟ್ ಎಂಬಿಬ್ಬರು ಅಟಿಲೋಸಿಯಾ ಎಂಬ ಹೊಸ ಮನೆ ಕಟ್ಟಿದರು. ಬೀಜಕ್ಕೆ ಬಿಳಿ ತುಟಿ ಇದ್ದರೆ ಅಟಿಲೋಸಿಯಾ, ಇಲ್ಲದಿದ್ದರೆ ತೊಗರಿ ಎಂದು ಲೆಕ್ಕವಾಯಿತು. 1852ರಲ್ಲಿ ನಮ್ಮ ಬಳ್ಳಿಯೂ ಅಲ್ಲಿಗೆ ಹೋಯಿತು. ತೊಗರಿ ತನ್ನ ಮನೆಯಲ್ಲಿ ಒಂಟಿಯಾಗಿ ಉಳಿಯಿತು.

ಸುಮಾರು 1920ರಲ್ಲಿ ಹೈನ್ಸ್ ಎಂಬ ಅರಣ್ಯಾಧಿಕಾರಿ ಒಡಿಶಾ ಕಡೆಯ ಕಾಡಿನ ಒಂದು ಪೊದೆಗೆ ಹೊಸ ಪ್ರಭೇದ ಅಂತ ಹೆಸರಿಟ್ಟ. ಬಳ್ಳಿಯಲ್ಲ, ನೆಟ್ಟಗೆ ನಿಲ್ಲುವ ಗಿಡ. ಎಲೆ, ಹೂವು ತೊಗರಿಯದೇ. ಅವನಿಟ್ಟ ಹೆಸರಿನ ಅರ್ಥವೂ ತೊಗರಿ ಎಲೆಯದು ಅಂತಲೇ, ಕಜಾನಿಫೋಲಿಯ. ಆದರೆ ಬೀಜಕ್ಕೆ ತುಟಿ ಇತ್ತು. ನಿಯಮ ನಿಯಮವೇ. ಅಟಿಲೋಸಿಯಾ ಮನೆಗೆ ಸೇರಿತು. ತೊಗರಿಯ ಸ್ವಂತ ಅಣ್ಣ ಕಣ್ಣಮುಂದೆ ಬಂದು ನಿಂತಿದ್ದರೂ ಕಾಗದದಲ್ಲಿ ಪಕ್ಕದ ಮನೆಯವನಾದ.

ಸಂಶಯ ಬಂದದ್ದು ಕಸಿ ಮಾಡಿ ನೋಡಿದಾಗ, ಅಂದರೆ ಒಂದರ ಪರಾಗ ಇನ್ನೊಂದಕ್ಕೆ ಹಚ್ಚಿದಾಗ. 1956ರಲ್ಲಿ ದೇವಡೀಕರ ಮತ್ತು ಠಾಕರ್ ಎಂಬ ನಮ್ಮ ದೇಶದ ವಿಜ್ಞಾನಿಗಳು, ನೆಟ್ಟಗೆ ಬೆಳೆಯುವ ಕೆಲವು ಅಟಿಲೋಸಿಯಾಗಳು ತೊಗರಿಗೆ ತೀರ ಹತ್ತಿರ ಅಂತ ಬರೆದರು. ಎರಡರ ಜೀವಕಣದಲ್ಲೂ 11 ಜೊತೆ ವರ್ಣತಂತು. ಕೂಡಿಸಿದರೆ ಕಾಯಿ ಕಟ್ಟುತ್ತದೆ, ಆ ಬೀಜ ಹುಟ್ಟುತ್ತದೆ. ದನಕ್ಕೂ ಕುರಿಗೂ ಕೂಡಿದರೆ ಕರು ಆದೀತೇ? ಆಗುತ್ತದೆ ಅಂದರೆ ಅವು ಒಂದೇ ವಂಶ ಅಂತ ಅಲ್ಲವೇ?

ಕೊನೆಗೆ 1986ರಲ್ಲಿ ಡಚ್ ಸಸ್ಯತಜ್ಞ ವಾನ್ ಡರ್ ಮಾಸನ್ ಅಟಿಲೋಸಿಯಾ ಮನೆಯನ್ನು ಮುಚ್ಚಿ, ಎಲ್ಲವನ್ನೂ ತೊಗರಿಯ ಮನೆಗೆ ಸೇರಿಸಿದರು. ಅವರು ಹೈದರಾಬಾದಿನ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಅವರ ಲೆಕ್ಕದಲ್ಲಿ ತೊಗರಿ ಸೇರಿ 32 ಪ್ರಭೇದ. ಏಷ್ಯಾದವು 18, ಆಸ್ಟ್ರೇಲಿಯಾದವು 13, ಪಶ್ಚಿಮ ಆಫ್ರಿಕದ್ದು ಒಂದು. ನಮ್ಮ ಒಡ್ಡಿನ ಬಳ್ಳಿ ಈಗ ಕಜಾನಸ್ ಸ್ಕಾರಬಿಯಾಯ್ಡಿಸ್. ನೂರಾರು ವರ್ಷ ಅಲೆದು ಮನೆಗೆ ಬಂದಿದೆ. ಹೈನ್ಸನ ಗಿಡವೂ ಬಂದಿದೆ. ತೊಗರಿ ಹುಟ್ಟಿದ್ದೇ ಅದರಿಂದ ಅಂತ ಈಗ ತಜ್ಞರು ಒಪ್ಪಿದ್ದಾರೆ.

ಇದರಿಂದ ನಮಗೇನು ಅಂತ ಕೇಳಬಹುದು. ನಾನೂ ಕೇಳಿದೆ.

ಹೊಸ ತಳಿ ಮಾಡುವವನು ರೋಗ ತಡೆಯುವ, ಹುಳ ತಡೆಯುವ ಗುಣವನ್ನು ಹುಡುಕಿಕೊಂಡು ಮೊದಲು ಹೋಗುವುದು ಬೆಳೆಯ ನೆಂಟರ ಮನೆಗೆ. ನೆಂಟರು ಯಾರು ಅಂತ ಸರಿಯಾಗಿ ಗೊತ್ತಿದ್ದರೆ ತಾನೇ ಹೋಗುವುದು? ಕೆಲಸ ಆಗಿರುವ ಒಂದು ಉದಾಹರಣೆ ಹೇಳಿದರು. ತೊಗರಿಯಲ್ಲಿ ಹೈಬ್ರಿಡ್ ಬೀಜ ಮಾಡುವುದು ಕಷ್ಟ, ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ. ಒಂದೊಂದೇ ಹೂವಿನ ಗಂಡುಭಾಗ ಕಿತ್ತರೆ ಚೀಲ ತುಂಬುವುದು ಯಾವಾಗ? ಇಕ್ರಿಸ್ಯಾಟಿನವರು ಹೈನ್ಸನ ಆ ಕಾಡುಗಿಡವನ್ನು ತಾಯಿ ಮಾಡಿ ತೊಗರಿಯ ಜೊತೆ ಮತ್ತೆ ಮತ್ತೆ ಕೂಡಿಸಿದರು. ಕೊನೆಗೆ ನೋಡಲು ತೊಗರಿಯೇ, ಆದರೆ ಪರಾಗ ಬಿಡದ ಗಿಡ ಸಿಕ್ಕಿತು. ಅದನ್ನು ಸಾಲಿನಲ್ಲಿ ಹಾಕಿ ಪಕ್ಕದಲ್ಲಿ ಬೇರೆ ತೊಗರಿ ಹಾಕಿದರೆ ಉಳಿದ ಕೆಲಸ ಜೇನುಹುಳ ಮಾಡುತ್ತದೆ. ಹೀಗೆ ಬಂದದ್ದು ಐಸಿಪಿಎಚ್ 2671 ಎಂಬ ಹೈಬ್ರಿಡ್. 2010ರಲ್ಲಿ ಮಧ್ಯಪ್ರದೇಶದಲ್ಲಿ ಬಿಡುಗಡೆಯಾಯಿತು. ಹೈಬ್ರಿಡ್ ಅಂದರೆ ವರ್ಷ ವರ್ಷ ಬೀಜ ಕೊಳ್ಳಬೇಕು. ನಾನು ಮನೆಯ ಬೀಜ ಇಟ್ಟು ಬಿತ್ತುವವನು, ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಆದರೆ ಕಾಡುಗಿಡದ ಬೆಲೆ ಏನು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನನ್ನ ಬಳ್ಳಿಯ ಕಾಯಿಗೆ ತೂತು ಇರಲಿಲ್ಲವಲ್ಲ, ಅದನ್ನೂ ನೋಡಿದ್ದಾರಂತೆ. ಕಾಯಿಯ ಮೇಲಿನ ಒತ್ತಾದ ಕೂದಲಿನಿಂದ, ಆಗತಾನೆ ಮೊಟ್ಟೆಯೊಡೆದ ಸಣ್ಣ ಹುಳಕ್ಕೆ ಸಿಪ್ಪೆ ಮುಟ್ಟಲು ಆಗುವುದಿಲ್ಲ. ತೊಗರಿಗೆ ಆ ಗುಣ ತರಲು ಪ್ರಯತ್ನ ನಡೆದಿದೆ. ಸುಲಭವಲ್ಲ, ಒಳ್ಳೇ ಗುಣದ ಬೆನ್ನಿಗೆ ಸಣ್ಣ ಕಾಳು, ಸಿಡಿಯುವ ಕಾಯಿ ಎಲ್ಲ ಬರುತ್ತವೆ. ಒಂದೇ ಪ್ರಭೇದ ಆದರೂ ಒಂದೊಂದು ಊರಿನ ಬಳ್ಳಿಯ ಗುಣ ಒಂದೊಂದು ಥರ ಇರುತ್ತದೆ. ಅದಕ್ಕೇ ಬೇರೆ ಬೇರೆ ಜಾಗದ ಬೀಜ ಬೇಕು ಅಂತಾರೆ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಈ ಬಳ್ಳಿ ನಮ್ಮ ಹೊಲದ ಮೂರೂ ಕಡೆ ಇತ್ತು. ಆಳು ಸಿಗುವುದಿಲ್ಲ ಅಂತ ನಾನೇ ಎರಡು ವರ್ಷ ಒಡ್ಡಿಗೆ ಕಳೆನಾಶಕ ಹೊಡೆದೆ. ಪೂರ್ವದ ಒಡ್ಡಿನ ಮೇಲೆ ಹೋಯಿತು. ಮಾಸ್ತರ ಹತ್ತಿರ ಹೋಗಿ ಬಂದ ಮೇಲಿನ ಬೇಸಿಗೆಯಲ್ಲಿ ದಕ್ಷಿಣದ ಹೊಲದವರು ಜೆಸಿಬಿ ಹಚ್ಚಿ ಒಡ್ಡು ಸಮ ಮಾಡಿಸಿದರು. ಕೇಳಿದರೆ "ಕಾಕಾ, ಎರಡು ಸಾಲು ತೊಗರಿ ಜಾಸ್ತಿ ಬರ್ತಾವ" ಅಂದ ಹುಡುಗ. ಅವನ ಲೆಕ್ಕ ಅವನಿಗೆ ಸರಿ. ಈಗ ಉಳಿದಿರುವುದು ಪಶ್ಚಿಮದ ಒಡ್ಡು, ಮೂವತ್ತು ಹೆಜ್ಜೆ ಉದ್ದ.

ನಿಮ್ಮ ಕಡೆಯೂ ಗುರುತು ಸಿಗದ ಗಿಡ ಇದ್ದರೆ ತೆಗೆದುಕೊಂಡು ಹೋಗುವ ರೀತಿ ಹೇಳುತ್ತೇನೆ. ಹೂ, ಕಾಯಿ ಎರಡೂ ಇರುವ ಟೊಂಗೆ ಮುರಿಯಿರಿ. ಸಣ್ಣ ಗಿಡವಾದರೆ ಒಂದನ್ನು ಬೇರು ಸಮೇತ ತೆಗೆಯಬಹುದು, ಆದರೆ ಅಲ್ಲಿ ನಾಲ್ಕೈದೇ ಇದ್ದರೆ ಕೀಳಬೇಡಿ, ಫೋಟೋ ಸಾಕು. ಹಳೇ ಪೇಪರಿನ ನಡುವೆ ಎಲೆ ಬಿಡಿಸಿ ಇಡಿ. ಒಂದೆರಡು ಎಲೆ ಮಗುಚಿ ಇಡಿ, ಹಿಂಬದಿಯೂ ಕಾಣಬೇಕು. ಮೇಲೆ ಹಲಗೆ, ಅದರ ಮೇಲೆ ಭಾರದ ಕಲ್ಲು. ಪೇಪರನ್ನು ದಿನಾ ಬದಲಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ನನ್ನ ಮೊದಲಿನದು ಹಾಗೇ ಹಾಳಾಯಿತು. ವಾರ ಹತ್ತು ದಿನಕ್ಕೆ ಒಣಗುತ್ತದೆ. ಒಣಗಿದ ಮೇಲೆ ಕಾಣದಿರುವುದನ್ನು ಅವತ್ತೇ ಬರೆದಿಡಿ: ಹೂವಿನ ಬಣ್ಣ, ವಾಸನೆ, ಎಷ್ಟೆತ್ತರ, ಎಂಥ ಮಣ್ಣು, ಊರು, ತಾರೀಖು. ನಿಮ್ಮೂರಿನಲ್ಲಿ ಏನಂತ ಕರೆಯುತ್ತಾರೆ, ದನ ತಿನ್ನುತ್ತದೋ ಇಲ್ಲವೋ, ಅದೂ ಇರಲಿ. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದವರಿಗೋ ಕೃಷಿ ವಿಶ್ವವಿದ್ಯಾಲಯದವರಿಗೋ ಕೊಡಿ. ಹೊಸದಲ್ಲ ಅಂದರೂ ಬೇಸರ ಬೇಡ, ಎಲ್ಲಿದೆ ಅನ್ನುವ ದಾಖಲೆಯಾದರೂ ಆಗುತ್ತದೆ.

ನನ್ನ ಹಾಳೆ ಈಗ ಆ ಕಾಲೇಜಿನ ಕಪಾಟಿನಲ್ಲಿದೆ. ಅಳತೆ 42 ಸೆಂಟಿಮೀಟರ್ ಉದ್ದ, 28 ಅಗಲ. ಕೆಳಗಿನ ಚೀಟಿಯಲ್ಲಿ ಲ್ಯಾಟಿನ್ ಹೆಸರನ್ನು ಮಾಸ್ತರು ಬರೆದರು. ಊರ ಹೆಸರಿನ ಕೆಳಗೆ ಕಾಡತೊಗರಿ ಅಂತ ನನ್ನ ಕೈಯಲ್ಲೇ ಬರೆಸಿದರು.

ಹೋದ ಚಳಿಗಾಲದಲ್ಲಿ ಒಣಗಿದ ಕಾಯಿ ಸಿಡಿಯುವ ಮುಂಚೆ ಬಿಡಿಸಿ ಸಣ್ಣ ಸೀಸೆಯಲ್ಲಿ ಬೀಜ ಇಟ್ಟಿದ್ದೆ. ಸಿಪ್ಪೆ ಗಟ್ಟಿ, ಹಂಗೇ ಹಾಕಿದರೆ ಹುಟ್ಟುವುದಿಲ್ಲ, ಕಲ್ಲಿಗೆ ಸ್ವಲ್ಪ ತಿಕ್ಕಬೇಕು ಅಂತ ಹೇಳಿಸಿಕೊಂಡಿದ್ದೆ. ಮುಂಗಾರಿಗೆ ಹತ್ತು ಬೀಜ ತಿಕ್ಕಿ ಪೂರ್ವದ ಒಡ್ಡಿನ ಮೇಲೆ ಊರಿದೆ. ನಾಲ್ಕು ಹುಟ್ಟಿದವು. ಎರಡನ್ನು ಆಡು ಮೇಯ್ದವು. ಎರಡು ಈಗ ಹುಲ್ಲು ಹಿಡಿದು ಹಬ್ಬುತ್ತಿವೆ.